ತಾರಾಬಾಯಿ ಇಟ್ಟುಹೋದ ಮಲ್ಲಿಗೆ

ಮಲ್ಲಿಗೆಯ ಘಮ ಬಂದರೆ ಈಗಲೂ ನಾನು ಮೊದಲು ಮುದುಕಿಯರ ಕಡೆಗೇ ನೋಡುತ್ತೇನೆ.

ಪುಣೆಯಲ್ಲಿ ಹಲವು ಸಂಸಾರಗಳಿದ್ದ ನಮ್ಮ ವಾಡೆಯ ಮಾಳಿಗೆಯಲ್ಲಿ ತಾರಾಬಾಯಿ ಇದ್ದಳು. ಗಂಡ ಸತ್ತರೂ ಕೂದಲು ತೆಗೆಸಿರಲಿಲ್ಲ. ಮದುವೆಯಿಲ್ಲದೆ ಒಬ್ಬ ಮಾಸ್ತರನ ಜೊತೆ, ಬಾಗಿಲು ತೆರೆದಿಟ್ಟೇ ಬಾಳುತ್ತಿದ್ದಳು. ಒಂದು ಮಧ್ಯಾಹ್ನ ನಮ್ಮ ಹೊಸ್ತಿಲ ಮೇಲೆ ಮಲ್ಲಿಗೆ ದಂಡೆ ಇಟ್ಟುಹೋದಳು.

"ಮುಟ್ಟಬ್ಯಾಡ್ರಿ ಅತ್ತೀ, ಏನರೆ ಮಾಟ ಮಾಡಿಸ್ಯಾಳ," ಎಂದಳು ಅವ್ವ.

ಅಜ್ಜ ಸತ್ತಂದಿನಿಂದ ತಲೆ ಬೋಳಿಸಿಕೊಂಡು ಕೆಂಪು ಸೀರೆ ಉಡುತ್ತಿದ್ದ ಅಜ್ಜಿ ದಂಡೆಯನ್ನು ಎತ್ತಿಕೊಂಡಳು. "ಗಟಾರಕ್ಕ ಒಗದು ಬರ್ತೀನಿ."

ಸಂಜೆಯಾದರೂ ಮನೆಯೊಳಗಿನ ಘಮ ಹೋಗಲಿಲ್ಲ. ಅವ್ವ ಹಾಸಿಗೆ ಕೊಡವಿದಳು, ಮೂಲೆ ಗುಡಿಸಿದಳು, ಕೊನೆಗೆ ನನ್ನ ಜಡೆ ಹಿಡಿದು ಮೂಸಿದಳು.

"ಖರೇ ಹೇಳು, ಎಲ್ಲಿ ಮುಚ್ಚಿಟ್ಟೀ?"

ಅಜ್ಜಿ ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.