ನೀರಿಗೆ ಬಿಡುವ ಪೊಟ್ಟಣ

ನಂದಿಬಟ್ಟಲು ಬಂದರೆ ಬಿಳಿ ಗಾಡಿ, ಕೇಪಳ ಬಂದರೆ ಕೆಂಪು ಗಾಡಿ. ಅರ್ಚಕರು ಎರಡು ಹೂಗಳನ್ನು ಗರ್ಭಗುಡಿಯೊಳಗೇ ಬೇರೆ ಬೇರೆ ಬಾಳೆಯೆಲೆಯಲ್ಲಿ ಸುತ್ತಿ, ನಾರಿನಿಂದ ಬಿಗಿದು, ಹರಿವಾಣದಲ್ಲಿಟ್ಟು ಹೊರಗೆ ತಂದರು. ಯಾವುದರೊಳಗೆ ಯಾವುದು ಎಂದು ನೋಡಿದವರಿಗೆ ತಿಳಿಯುವಂತಿರಲಿಲ್ಲ.

“ನೀನೇ ತೆಗೆ,” ಎಂದರು ಮಹಾಗಣಪತಿಯವರು ಮಗಳಿಗೆ. “ನಾಳೆಗೆ ಅಪ್ಪ ಹಟ ಮಾಡಿದ್ದು ಅಂತ ಆಗುದು ಬೇಡ.”

ಸಮನ್ವಿತಾಳ ಕೈ ಕೂಡಲೇ ಮುಂದೆ ಹೋಗಲಿಲ್ಲ. ವಾರದಿಂದ ಅಪ್ಪ ಮಗಳ ನಡುವೆ ನಡೆದ ಜಗಳ ದೇವರ ನಡೆಯಲ್ಲಿಯೂ ಆರಿರಲಿಲ್ಲ. ದರ್ಬೆ ಪೇಟೆಯಲ್ಲಿ ರಸ್ತೆಯ ಆಚೆಗೊಂದು ಈಚೆಗೊಂದು ಕಾರಿನ ಶೋರೂಮು. ಬಿಳಿ ಗಾಡಿಯವರು ಬಾಗಿಲಲ್ಲೇ ದೊಡ್ಡ ಪರದೆಯ ಮೇಲೆ ಅಪ್ಪನ ಹೆಸರು ಮೂಡಿಸಿದ್ದರು. ಶಾಲು ಹೊದಿಸಿ, ಪೇಟ ಇಟ್ಟು, ಗಾಡಿಯ ಪಕ್ಕ ನಿಲ್ಲಿಸಿ ಫೋಟೋ ತೆಗೆದಿದ್ದರು. ಓಡಿಸಿ ನೋಡಬೇಕೆಂದು ಅವಳು ಕೇಳಿದ್ದಕ್ಕೆ, ಬೈಪಾಸಿನವರೆಗೆ ನಮ್ಮ ಡ್ರೈವರೇ ಓಡಿಸಿ ತೋರಿಸುತ್ತಾನೆ, ಮೇಡಂ ಆರಾಮವಾಗಿ ಹಿಂದೆ ಕೂತರೆ ಸಾಕು ಎಂದಿದ್ದರು. ಅಪ್ಪನ ಕಣ್ಣು ಮಂಜಾದ ಮೇಲೆ ಮನೆಯ ಗಾಡಿಗೆ ಅವಳೊಬ್ಬಳೇ ಸಾರಥಿ. ಕಡಬದ ಕಾಲೇಜಿಗೆ ಪಾಠ ಹೇಳಲು ದಿನಾ ಹೋಗಿ ಬರುವವಳೂ ಅವಳೇ.

ಕೆಂಪು ಗಾಡಿಯವ ಮಾತ್ರ, “ಓಡಿಸುವವರು ಯಾರು?” ಎಂದು ಮೊದಲು ಕೇಳಿ, ಕೀಲಿಕೈಯನ್ನು ನೇರ ಅವಳ ಅಂಗೈಗೆ ಹಾಕಿದ್ದ. ಆಲಂಕಾರಿನ ಮನೆಯವರೆಗೂ ಜೊತೆಯಲ್ಲಿ ಬಂದಿದ್ದ. ಹಳೆಯ ಗಾಡಿ ಏದುಸಿರು ಬಿಡುತ್ತಿದ್ದ ಮನೆಯ ಮುಂದಿನ ಏರನ್ನು ಹೊಸದು ಒಂದೇ ಉಸಿರಿಗೆ ಹತ್ತಿತ್ತು. ಹಿಂದಿನ ಸೀಟಿನಲ್ಲಿದ್ದ ಅಪ್ಪನನ್ನು ದಾರಿಯುದ್ದಕ್ಕೂ ಯಾರೂ ಮಾತಾಡಿಸಿರಲಿಲ್ಲ. ಇಳಿದವರೇ ಮುಖ ಊದಿಸಿಕೊಂಡಿದ್ದರು. ತನ್ನನ್ನು ದನದ ಹಿಂಡಿಯ ಮೂಟೆಯ ಹಾಗೆ ಹಿಂದೆ ಹೇರಿದರು, ಅಂಥವರ ಗಾಡಿ ಚಿನ್ನದ್ದಾದರೂ ಬೇಡ ಎಂದರು. ಅವಳು ಏರಿನ ಮಾತೆತ್ತಿದಾಗಲೆಲ್ಲ ಅವರು ಮರ್ಯಾದೆಯ ಮಾತೆತ್ತಿದರು. ಕೊನೆಗೆ ಒಂದು ದಿನ ತೀರಾ ಮೆತ್ತಗಿನ ಸ್ವರದಲ್ಲಿ, “ನಾವು ನಾವು ಕಚ್ಚಾಡುದು ಎಂತಕ್ಕೆ? ದೇವರಲ್ಲಿ ಕೇಳುವ,” ಎಂದರು.

ಅವಳು ಒಪ್ಪಿದಳು. ದೇವರ ಮಾತು ಅವಳಿಗೂ ದೇವರ ಮಾತೇ. ಐದು ವರ್ಷದ ಹಿಂದೆ ಅರಂತೋಡಿನ ಶ್ರೀಕೃಷ್ಣ ಎಂಬ ಹುಡುಗನನ್ನು ಮದುವೆಯಾಗುತ್ತೇನೆ ಎಂದಾಗಲೂ ಇದೇ ಹರಿವಾಣ, ಇಂಥದೇ ಎರಡು ಪೊಟ್ಟಣ. ನಂದಿಬಟ್ಟಲಾದರೆ ಆಗಬಹುದು, ಕೇಪಳವಾದರೆ ಬೇಡ. ಅಂದೂ ಅಪ್ಪ ನೀನೇ ತೆಗೆ ಎಂದಿದ್ದರು. ಅವಳ ಕೈಗೆ ಬಂದದ್ದು ಕೇಪಳ. ಉಳಿದ ಪೊಟ್ಟಣವನ್ನು ಅಪ್ಪನೇ ಗುಡಿಯ ಕೆರೆಗೆ ಒಯ್ದು, ಅದು ಮುಳುಗುವವರೆಗೂ ಮೆಟ್ಟಿಲ ಮೇಲೆ ಕೈಮುಗಿದು ನಿಂತಿದ್ದರು. ಎಂಥ ಭಕ್ತಿ ಎಂದುಕೊಂಡಿದ್ದಳು. ಅಂದಿನಿಂದ ಇಂದಿನವರೆಗೆ ಅವಳು ಶಪಿಸಿದ್ದು ತನ್ನ ಬಲಗೈಯೊಂದನ್ನೇ.

ಅದೇ ಕೈಯನ್ನು ಈಗ ಚಾಚಿ ಒಂದು ಪೊಟ್ಟಣ ತೆಗೆದಳು. ಅರ್ಚಕರು ಬಿಡಿಸಿದರು. ನಂದಿಬಟ್ಟಲು.

ಮಹಾಗಣಪತಿಯವರು ಉದ್ದಕ್ಕೆ ಅಡ್ಡಬಿದ್ದು ಎದ್ದರು. ಅಂಗಳಕ್ಕೆ ಇಳಿಯುವಷ್ಟೂ ತಾಳ್ಮೆ ಇಲ್ಲದೆ ಬಿಳಿ ಗಾಡಿಯವನಿಗೆ ಫೋನು ಹಚ್ಚಿದರು. ಕಿವಿ ಸ್ವಲ್ಪ ಮಂದವಾದ್ದರಿಂದ ಅವರ ಫೋನು ಯಾವಾಗಲೂ ಸ್ಪೀಕರಿನಲ್ಲಿಯೇ ಇರುವುದು. ಆ ಕಡೆಯವನ ನಗು ಗುಡಿಯ ಸುತ್ತೆಲ್ಲ ಕೇಳಿಸಿತು.

“ನಿನ್ನೆ ನೀವು ಹೇಳಿದ ಹಾಗೆಯೇ ಬಿಳಿ ಹೂವೇ ಬಂತಲ್ಲ ಸರ್? ಹಾರಕ್ಕೆ ಆಗಲೇ ಹೇಳಿ ಆಗಿದೆ.”

ಮಹಾಗಣಪತಿಯವರು ಫೋನನ್ನು ಅಂಗೈಯಿಂದ ಮುಚ್ಚಿದರು. ತಡವಾಗಿತ್ತು. ಸಮನ್ವಿತಾ ಹರಿವಾಣದಲ್ಲಿ ಉಳಿದಿದ್ದ ಪೊಟ್ಟಣವನ್ನು ಎತ್ತಿಕೊಂಡಿದ್ದಳು.

“ಅದನ್ನು ಬಿಡಿಸುವ ಕ್ರಮ ಇಲ್ಲ ತಂಗೀ,” ಎಂದು ಅರ್ಚಕರು ಒಂದು ಹೆಜ್ಜೆ ಮುಂದೆ ಬಂದರು. “ಅದು ನೀರಿಗೆ ಬಿಡುದು.”

ನಾರು ಬಿಗಿಯಾಗಿತ್ತು. ದೇವರ ನಡೆಯಲ್ಲಿ ನಿಂತು, ಮಡಿ ಮೈಲಿಗೆ ಎಂದು ಒಂದು ದಿನವೂ ತಪ್ಪಿ ನಡೆಯದ ಹೆಣ್ಣು ಅದನ್ನು ಹಲ್ಲಿನಿಂದ ಕಚ್ಚಿ ಹರಿದಳು. ಬಾಳೆಯೆಲೆ ಬಿಚ್ಚಿಕೊಂಡು ಹೂ ಕಲ್ಲಿನ ಮೇಲೆ ಬಿತ್ತು. ಅದೂ ನಂದಿಬಟ್ಟಲು.

ಅರ್ಚಕರು ಹರಿವಾಣವನ್ನು ಎದೆಗೆ ಒತ್ತಿಕೊಂಡು, ತನ್ನ ತಪ್ಪೇನೂ ಇಲ್ಲ, ಮಹಾಗಣಪತಿಯಣ್ಣ ಹೇಳಿದ ಮೇಲೆ ಇಲ್ಲ ಎನ್ನಲಿಕ್ಕೆ ಆಗುವುದಿಲ್ಲ ಎಂದು ಗೊಣಗಿದರು. ಮಹಾಗಣಪತಿಯವರು ನಗಲು ನೋಡಿದರು.

“ಒಂದು ಗಾಡಿಯ ವಿಷಯ ಅಲ್ವಾ ಮಾರಾಯ್ತಿ. ಅಷ್ಟಕ್ಕೆ ಇಷ್ಟು ಕೋಪ ಎಂತಕ್ಕೆ? ನಿನಗೆ ಕೆಂಪೇ ಬೇಕಾದರೆ ಕೆಂಪೇ ತೆಗೆಯುವ.”

“ನಿಮಗೆ ಯಾವುದು ಬೇಕೋ ಅದನ್ನೇ ತೆಗೊಳ್ಳಿ ಅಪ್ಪ.” ಅವಳ ಸ್ವರ ಏರಲಿಲ್ಲ. “ಶ್ರೀಕೃಷ್ಣನ ವಿಷಯ ಕೇಳಿದ ದಿವಸ ನೀವು ಕೆರೆಗೆ ಬಿಟ್ಟದ್ದುಂಟಲ್ಲ, ಅದರೊಳಗೆ ಯಾವ ಹೂ ಇತ್ತು?”

ಮಹಾಗಣಪತಿಯವರು ಅರ್ಚಕರ ಮುಖ ನೋಡಿದರು. ಅರ್ಚಕರು ಕೆರೆಯ ಕಡೆಗೆ ನೋಡಿದರು. ಒಳಗೆ, ಎರಡು ದೀಪಗಳ ನಡುವೆ, ದೇವರು ಎಂದಿನಂತೆ ಇದ್ದ. ಅವನಲ್ಲಿ ಇದುವರೆಗೆ ಯಾರೂ ಏನನ್ನೂ ಕೇಳಿಯೇ ಇರಲಿಲ್ಲ.