ವನಜಾಕ್ಷಮ್ಮನ ಒಂದು ಗಂಟೆ

ಜಿಮ್ಮಿನ ಟ್ರೇನರ್ ಉಮಾಕಾಂತ ಬೆಳಗಿನ ಐದರಿಂದ ರಾತ್ರಿ ಒಂಬತ್ತರವರೆಗೆ ದುಡಿಯುತ್ತಿದ್ದ. ಎರಡು ವರ್ಷದಿಂದ ಒಂದು ದಿನವೂ ರಜೆ ಹಾಕಿರಲಿಲ್ಲ. ಈಚೆಗೆ ದಂಡ ಹೊಡೆಸುವಾಗ ಎಣಿಕೆ ನಡುವೆಯೇ ಮರೆತುಹೋಗುತ್ತಿತ್ತು. ಯಾರಾದರೂ ಹೆಸರು ಹಿಡಿದು ಕರೆದರೂ ಸಿಟ್ಟು ಬರುತ್ತಿತ್ತು.

ಗಾಜಿನ ಗೋಡೆಯಾಚೆ ಅವನನ್ನು ದಿನವೂ ನೋಡುತ್ತಿದ್ದ ಎದುರುಮನೆಯ ವನಜಾಕ್ಷಮ್ಮ, ಅರವತ್ತು ದಾಟಿದವರು, ಒಂದು ದಿನ ತಾವೇ ಬಂದು ಜಿಮ್ಮಿಗೆ ಸೇರಿದರು. ಸಂಜೆ ಆರರಿಂದ ಏಳು ಅವನೇ ಕಲಿಸಬೇಕೆಂದರು.

"ಏನು ಮಾಡಿಸ್ಲಿ ಅಮ್ಮಾ?"

"ನನಗೇನೂ ಬೇಡ. ಈ ಒಂದು ಗಂಟೆ ನೀನು ಸುಮ್ನೆ ಕೂತ್ಕೋ."

ಮೊದಲ ದಿನ ಅವನು ಮುಜುಗರದಿಂದಲೇ ಕೂತ. ನಾಲ್ಕನೆಯ ದಿನ ಗೋಡೆಗೊರಗಿ ನಿದ್ದೆಹೋದ. ಹತ್ತನೆಯ ದಿನ ಯಾಕೆಂದೇ ತಿಳಿಯದೆ ಬಿಕ್ಕಿಬಿಕ್ಕಿ ಅತ್ತ. ಅವರು ಏನೂ ಕೇಳದೆ ಬೆನ್ನು ಸವರಿದರು.

ತಿಂಗಳ ಕೊನೆಗೆ ಅವನು ಮಾಲೀಕರೊಡನೆ ಮಾತಾಡಿ ರಾತ್ರಿಯ ಬ್ಯಾಚು ಬಿಟ್ಟ, ಭಾನುವಾರ ರಜೆ ಪಡೆದ.

"ನೀವು ಒಂದಿನಾನೂ ವ್ಯಾಯಾಮ ಮಾಡ್ಲಿಲ್ಲ. ಮತ್ತೆ ಯಾಕಮ್ಮಾ ಸೇರಿದ್ರಿ?"

ವನಜಾಕ್ಷಮ್ಮ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡರು.

"ನನ್ನ ಮಗನೂ ಟ್ರೇನರ್ ಆಗಿದ್ದ ಕಣಪ್ಪಾ. ಅವನು ಜಿಮ್ಮಲ್ಲೇ ಕುಸಿದು ತೀರಿಕೊಂಡ ದಿನ, ತುಂಬಾ ಸುಸ್ತಮ್ಮಾ ಅಂತ ಮಲಗಿದ್ದೋನನ್ನ ಬೈದು ಎಬ್ಬಿಸಿ ಕಳಿಸಿದ್ದು ನಾನೇ."