ಆಗಸ್ಟ್ ತಿಂಗಳ ಚಿತ್ರ

ಆಗಸ್ಟ್‌ನ ಪ್ರವಾಹದಲ್ಲಿ ಕೊಚ್ಚಿಹೋದ ಶಾಲೆಗೆ ಬದಲಿ ಕಟ್ಟಡ ಕೇಳಲು ಮುಖ್ಯೋಪಾಧ್ಯಾಯಿನಿ ನೀಲಾಂಬಿಕಾ ಹೂಗಾರ ಆರನೇ ಸಲ, ಚಿತ್ರ ನೋಡಿ ಹಾನಿ ದೃಢೀಕರಿಸುವ ತಾಲ್ಲೂಕಿನ ಉಪಗ್ರಹ ಶಾಖೆಗೆ ಬಂದಿದ್ದರು. ಅಧಿಕಾರಿ ದೊಡಮನಿ ಕಡತದಿಂದ ಆಗಸ್ಟ್ ತಿಂಗಳ ಉಪಗ್ರಹ ಚಿತ್ರ ತೆಗೆದು ಮುಂದಿಟ್ಟರು. ಅದರಲ್ಲಿ ನದಿ ಬತ್ತಿತ್ತು. ದಂಡೆಯ ಮೇಲೆ ಶಾಲೆ ಗಟ್ಟಿಯಾಗಿ ನಿಂತಿತ್ತು.

“ಇದು ಬ್ಯಾಸಗೀದಲ್ರೀ?”

“ಹೌದ್ರಿ. ನಮಗ ಅನುದಾನ ಬರೂದ ಮಾರ್ಚ್ ಕಡೀ ವಾರದಾಗ. ಮೂವತ್ತೊಂದರೊಳಗ ಖರ್ಚ ಹಾಕಲಿಲ್ಲಂದ್ರ ವಾಪಸ್ ಹೋಗತೈತಿ. ಅದಕ್ಕ ಮುಂದಿನ ಹನ್ನೆರಡೂ ತಿಂಗಳ ಚಿತ್ರ ಆ ವಾರದಾಗ ತಗದು ಇಟ್ಟಬಿಡ್ತೀವಿ. ಎಲ್ಲಾ ಕಡೆ ಹಂಗ ಐತ್ರಿ.”

“ಮತ್ತ ನೆರಿ ಬಂದಿದ್ದು?”

“ಚಿತ್ರದಾಗ ಇಲ್ಲಲ್ರೀ ಮೇಡಮ್.”

ದೊಡಮನಿ ಆದೇಶಕ್ಕೆ ಮೊಹರು ಒತ್ತಿ ಕೊಟ್ಟರು: ಶಾಲೆ ಸುಸ್ಥಿತಿಯಲ್ಲಿದೆ, ಸೋಮವಾರದಿಂದ ಅಲ್ಲಿಯೇ ಪಾಠ ಆರಂಭಿಸತಕ್ಕದ್ದು.

ಎರಡು ತಿಂಗಳಿಂದ ದನದ ಕೊಟ್ಟಿಗೆಯಲ್ಲಿ ಪಾಠ ಹೇಳುತ್ತಿದ್ದ ನೀಲಾಂಬಿಕಾ ಎದ್ದು ನಿಂತರು. ಚೀಲದಿಂದ ಶಾಲೆಯ ಕೀಲಿಕೈ ತೆಗೆದು ಆ ಚಿತ್ರದ ಮೇಲೆ ಕುಕ್ಕಿದರು.

“ಹಂಗಾದ್ರ ಇದನ್ನ ನೀವ ಇಟ್ಗೋರಿ. ಸೋಮವಾರ ನಿಮ್ಮ ಮಕ್ಕಳ್ನ ಕರ್ಕೊಂಡು ಹೋಗಿ, ಬಾಗಲಾ ತಗದು, ಒಳಗ ಕುಂದರಿಸಿ ಬರ್ರಿ.”